ತೋರಣದ ಸಾಹುಕಾರರು ಮತ್ತು ನಮ್ಮಜ್ಜಿಯ ಅವ್ವ

ಸಾಹುಕಾರರ ಜೀವನಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂದದ್ದು ನನ್ನ ಬಾಯಿಂದಲೇ. ಆಗ ನಾನು ಚಾಮರಾಜನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಊರಿಗೆ ಮೊಬೈಲು ಆಗತಾನೆ ಬರತೊಡಗಿತ್ತು, ನಮ್ಮ ಸ್ಟಾಫ್ ರೂಮಿನಲ್ಲಿ ಅದು ಇದ್ದದ್ದು ಡ್ರಿಲ್ ಮೇಷ್ಟ್ರ ಹತ್ತಿರ ಮಾತ್ರ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು, "ನಮ್ಮ ಸ್ಕೂಲು ಕಟ್ಟಿಸಿದವರ ಬಗ್ಗೆ ನಮಗೇ ನಾಲ್ಕು ಸಾಲು ಗೊತ್ತಿಲ್ಲ, ನಾಚಿಕೆ ಆಗಬೇಕು" ಎಂದು ನಾನು ಎಲ್ಲರ ಮೇಲೂ ಕೂಗಾಡಿದೆ. ಬಾಗಿಲಲ್ಲಿ ಎಚ್.ಎಂ. ನಿಂತಿದ್ದರು. "ಸರಿ ಹಾಗಾದ್ರೆ, ಸ್ಮರಣ ಸಂಚಿಕೆಗೆ ಅವರ ಬಗ್ಗೆ ನೀವೇ ಬರೀರಿ. ಎರಡು ತಿಂಗಳು ಟೈಮು" ಎಂದು ಹೇಳಿ ಹೋದರು.

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಖುಷಿ ಉಕ್ಕಿಬಂತು. ನಾನು ಹಾಗೆಯೇ. ಯಾವುದಾದರೂ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಊಟ ಬೇಡ, ನಿದ್ದೆ ಬೇಡ. ಅವತ್ತು ಸಂಜೆ ಎಲ್ಲ ಮಕ್ಕಳೂ ಹೋದ ಮೇಲೆ ಪ್ರಾರ್ಥನೆಯ ಹಾಲಿನಲ್ಲಿ ಸ್ಟೂಲು ಹಾಕಿಕೊಂಡು ಹತ್ತಿ, ಗೋಡೆಯ ಮೇಲಿದ್ದ ಸಾಹುಕಾರರ ಫೋಟೋದ ಧೂಳು ಒರೆಸಿದೆ. ಬಿಳಿ ಪೇಟ, ಕತ್ತಿನವರೆಗೂ ಗುಂಡಿ ಹಾಕಿದ ಕರಿ ಕೋಟು, ಹೆಗಲ ಮೇಲೆ ಜರಿ ಶಾಲು. ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಟೋಪಿ ಇಟ್ಟುಕೊಂಡ ಒಬ್ಬ ಬಿಳಿಯ ಅಧಿಕಾರಿ. ಅಧಿಕಾರಿ ಕ್ಯಾಮೆರಾ ನೋಡುತ್ತಿದ್ದಾನೆ, ಸಾಹುಕಾರರು ನೆಲ ನೋಡುತ್ತಿದ್ದಾರೆ. ಅಷ್ಟು ವರ್ಷ ಆ ಹಾಲಿನಲ್ಲಿ ಪ್ರಾರ್ಥನೆ ಮಾಡಿಸಿದ್ದೇನೆ, ಅದನ್ನು ಗಮನಿಸಿಯೇ ಇರಲಿಲ್ಲ.

ಊರಿಗೆ ಗೊತ್ತಿದ್ದದ್ದು ಇಷ್ಟು. ಸಾಹುಕಾರರ ಮನೆ ಚಾಮರಾಜನಗರದಲ್ಲಿ, ಹುಣಸೆಹಣ್ಣಿನ ಮಂಡಿ ಗುಂಡ್ಲುಪೇಟೆಯಲ್ಲಿ. ಸುತ್ತಲ ಹಳ್ಳಿಗಳ ಹುಣಸೆಹಣ್ಣೆಲ್ಲ ಆ ಮಂಡಿಗೆ ಬಂದು, ಅಲ್ಲಿಂದ ಗಾಡಿಗಳಲ್ಲಿ ಊಟಿ ಕಡೆಗೂ ಮಲೆಯಾಳದ ಕಡೆಗೂ ಇಳಿಯುತ್ತಿತ್ತು. ಬಂದ ದುಡ್ಡಿನಲ್ಲಿ ಗುಂಡ್ಲುಪೇಟೆಯಲ್ಲಿ ಒಂದು ಛತ್ರ, ಇಲ್ಲಿ ನಮ್ಮ ಶಾಲೆ, ಆಸ್ಪತ್ರೆಗೆ ಒಂದು ಹೆರಿಗೆ ವಾರ್ಡು ಕಟ್ಟಿಸಿದರು. ಇದು ಹೊಗಳಿಕೆಯ ಭಾಗ. ಉಳಿದದ್ದು ಗೇಲಿ. ಬೇಸಿಗೆ ಬಂತೆಂದರೆ ಬಿಳಿಯ ದೊರೆಗಳು ಗುಂಡ್ಲುಪೇಟೆಯ ಮೇಲೆ ಹಾದು ಊಟಿಗೆ ಹೋಗುತ್ತಿದ್ದರು. ನಮ್ಮದು ಮಹಾರಾಜರ ಸೀಮೆಯೇ ಆದರೂ ದೊರೆ ಬಂದರೆ ಅಮಲ್ದಾರರು ನಡುಗುತ್ತಿದ್ದ ಕಾಲ. ದೊರೆಗೆ ಮಾವಿನ ಸೊಪ್ಪಿನ ತೋರಣ ಕಟ್ಟಿಸಿ, ಹಾರ ಹಾಕಿ, ಹಾಲು ಹಣ್ಣು ಒಪ್ಪಿಸುತ್ತಿದ್ದವರು ಈ ಸಾಹುಕಾರರು. ಅದಕ್ಕೇ ಜನ ಅವರನ್ನು "ತೋರಣದ ಸಾವ್ಕಾರ" ಎಂದು ಕರೆದು ನಗುತ್ತಿದ್ದರಂತೆ.

ಶನಿವಾರ ಸಂಜೆ ಹರದನಹಳ್ಳಿಯ ನಮ್ಮ ಮನೆಗೆ ಹೋದವಳೇ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ನನ್ನ ಅಪ್ಪನ ತಾಯಿ. ಹುಟ್ಟಿದ್ದು ಉಡಿಗಾಲದಲ್ಲಿ. ತೊಂಬತ್ತಕ್ಕೆ ಹತ್ತಿರವಿದ್ದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವಳು ಅವರೆಕಾಯಿ ಕೆಳಗಿಟ್ಟಳು.

"ಯಾರ್ ಬಗ್ಗೆ ಬರೀತೀನಿ ಅಂದೆ?"

"ಸಾಹುಕಾರರ ಬಗ್ಗೆ ಅಜ್ಜಿ, ಗುಂಡ್ಲುಪೇಟೇಲಿ ಹುಣಸೆಹಣ್ಣಿನ ಮಂಡಿ ಇತ್ತಲ್ಲ, ಅವರು."

"ಆ ಮನೆಹಾಳನ್ ಬಗ್ಗೆನಾ? ನಮ್ಮವ್ವನ್ನ ತಿಂದ್ಕಂಡೋನ್ ಬಗ್ಗೆ ನೀನು ಬರೀತಿಯಾ? ಬರಿ, ಬರಿ. ನಿನ್ನ ಓದ್ಸಿದ್ದು ಇದ್ಕೇಯ."

ಅಜ್ಜಿ ಚಿಕ್ಕವಳಿದ್ದಾಗಲೇ ಅವಳ ತಾಯಿ ಸತ್ತಳೆಂದು ಗೊತ್ತಿತ್ತು. ಹೇಗೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಸಾರಿಗೆ ಮಾತ್ರ ನಿಂಬೆಹಣ್ಣು ಹಿಂಡುತ್ತಿದ್ದರು. ಹುಣಸೆಹಣ್ಣು ಅವಳಿಗೆ ಆಗುವುದಿಲ್ಲ ಎಂದಷ್ಟೇ ನಾವು ಅಂದುಕೊಂಡಿದ್ದೆವು. ಅವತ್ತು ಅವಳೇ ಹೇಳಿದಳು.

"ಏಳು ತಿಂಗ್ಳ ಬಸುರಿ ಕಣಮ್ಮಿ. ನಂಗಿನ್ನೂ ಐದೋ ಆರೋ ವರ್ಸ. ಉಡಿಗಾಲದಿಂದ ಗುಂಡ್ಲುಪೇಟೆ ಮಂಡಿಗೆ ಹುಣಸೆಹಣ್ಣಿನ ಹೊರೆ. ಗಾಡಿ ಸಿಕ್ಕದ ದಿನ ತಲೆ ಮ್ಯಾಲೇ ಹೊರ್ಸೋರು. ಹತ್ತು ಜನ ಎಂಗುಸ್ರು ಹೊಂಟ್ರು, ಒಂಬತ್ತು ಜನ ಬಂದ್ರು. ದಾರೀಲಿ ಹೊರೆ ಸಮೇತ ಬಿದ್ಲಂತೆ. ಎಲ್ಲಾರ್ ತಲೆ ಮ್ಯಾಲೂ ಹೊರೆ, ಇಳ್ಸಾಕೆ ಒಂದ್ ಕೈ ಸಿಕ್ಕಕಿಲ್ವಾ ಆ ದಾರೀಲಿ! ಅಲ್ಲೇ ಎಲ್ಲೋ ಮಣ್ಣು ಮಾಡ್ಬುಟ್ರು. ನಮ್ಮಪ್ಪ ಎಲ್ಲಿ ಅಂತ ಬಾಯೇ ಬುಡ್ನಿಲ್ಲ. ಆ ಸಾವ್ಕಾರನ ಆಳು ರಾಗಿ ಮೂಟೆ ತಂದಿದ್ದ. ನಮ್ಮಪ್ಪ ದೊಣ್ಣೆ ತಕಂಡು ಓಡಿಸ್ದ."

ಅಜ್ಜಿ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು. ಆಮೇಲೆ ಹೇಳಿದ ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಬಸುರಿಯಾಗಿದ್ದು, ಹೆರದೆ ಸತ್ತ ಹೆಂಗಸು ತನ್ನ ಹೊರೆ ಹೊತ್ತುಕೊಂಡೇ ಅಲೆಯುತ್ತಾಳೆ ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ಅವಳ ಹೆಸರಿನಲ್ಲಿ ಯಾರಾದರೂ ದಾರಿ ಬದಿಗೆ ಹೊರೆಗಲ್ಲು ನಿಲ್ಲಿಸಬೇಕು. ಎರಡು ಕಲ್ಲು ಕಂಬ, ಅವುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ, ತಲೆಯ ಎತ್ತರಕ್ಕೆ. ಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ತಲೆಯ ಮೇಲಿನದನ್ನು ಅದರ ಮೇಲೆ ಸರಿಸಿ ಸುಧಾರಿಸಿಕೊಳ್ಳಬಹುದು. ಹಾಗೆ ಇಳಿಸಿದವರ ಉಸಿರಿನಿಂದ ಸತ್ತವಳ ಹೊರೆಯೂ ಇಳಿಯುತ್ತದೆ. ಕೂಲಿ ಮಾಡುವ ಮನೆಯವರು ಮೂರು ಕಲ್ಲನ್ನು ಎಲ್ಲಿಂದ ತರಬೇಕು? ನೆಡಲು ಜಾಗವಾದರೂ ಗೊತ್ತೇ?

"ಮಾಲಯ ಅಮಾಸೆಲಿ ಎಲ್ಲಾರ್ಗೂ ಎಡೆ ಇಡ್ತೀನಿ," ಅಂದಳು ಅಜ್ಜಿ. "ನಮ್ಮವ್ವುಂಗೆ ಮಾತ್ರ ಇಡಾಕಿಲ್ಲ. ತಲೆ ಮ್ಯಾಲೆ ಹೊರೆ ಇರೋಳು ಬಾಗ್ಲು ಒಳಕ್ಕೆ ಎಂಗೆ ಬಂದಾಳು? ಎಂಬತ್ತು ವರ್ಸದಿಂದ ಹೊತ್ಕಂಡೇ ಅವ್ಳೆ ಕಣ."

ಇಲ್ಲಿ ನನ್ನ ಹುಮ್ಮಸ್ಸೆಲ್ಲ ಇಳಿದುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಇನ್ನೂ ಏರಿತು. ಅಳು, ಸಿಟ್ಟು, ಆತುರ ಮೂರೂ ಒಟ್ಟಿಗೆ ಬಂದು ನಾನು ಅಜ್ಜಿಯ ಕೈ ಹಿಡಿದು, "ಆ ಜಾಗ ಹುಡುಕೋವರೆಗೂ ಸಾಹುಕಾರರ ಬಗ್ಗೆ ಒಂದು ಅಕ್ಷರ ಬರೆಯಲ್ಲ" ಎಂದು ಮಾತು ಕೊಟ್ಟುಬಿಟ್ಟೆ. "ಜಾಗ ಸಿಕ್ಕುದ್ರೆ ಒಂದ್ ಕಲ್ಲಾದ್ರೂ ನೆಡನ, ನಾನ್ ಸಾಯೋಕ್ ಮುಂಚೆ," ಅಂದಳು ಅಜ್ಜಿ. ಎಲ್ಲಿ ಹುಡುಕಬೇಕೆಂದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಸೋಮವಾರ ಶಾಲೆ ಬಿಟ್ಟ ತಕ್ಷಣ ಸಾಹುಕಾರರ ಮೊಮ್ಮಗನ ಅಂಗಡಿಗೆ ಹೋದೆ. ಎಪ್ಪತ್ತು ದಾಟಿದ ಹಿರಿಯರು, ಪೇಟೆಬೀದಿಯಲ್ಲಿ ಸಣ್ಣ ದಿನಸಿ ಅಂಗಡಿ. ತಾತನ ಆಸ್ತಿಯಲ್ಲಿ ಅವರಿಗೆ ಉಳಿದಿದ್ದದ್ದು ಆ ಅಂಗಡಿ ಮತ್ತು ಅದರ ಹಿಂದಿನ ಹಳೇ ಮನೆ. ಜಗಳಕ್ಕೆ ಬಂದವಳ ಹಾಗೆ ಇತ್ತಂತೆ ನನ್ನ ಮುಖ. ಆಮೇಲೆ ಅವರೇ ನಕ್ಕುಕೊಂಡು ಹೇಳಿದ್ದು. ಆದರೆ "ಬನ್ನಿ ಟೀಚರಮ್ಮ, ತಾತನ ಬಗ್ಗೆ ಕೇಳ್ಕೊಂಡು ಬಂದವರು ನೀವೇ ಮೊದಲು" ಎಂದು ಒಳಗೆ ಕರೆದು ಕಾಫಿ ಕೊಟ್ಟು, ಒಂದು ತಗಡಿನ ಟ್ರಂಕು ಎಳೆದು ಮುಂದಿಟ್ಟಾಗ ಜಗಳ ಮರೆತೇಹೋಯಿತು.

ಆ ಟ್ರಂಕಿನ ಮುಂದೆ ನಾನು ಎಂಟು ಸಂಜೆ ಕೂತೆ. ನನಗೆ ಸಿಕ್ಕ ಸಂತೋಷವನ್ನು ಹೇಗೆ ಹೇಳಲಿ! ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು ಎಂದು ಪುಸ್ತಕ ನೋಡಿ ಪಾಠ ಮಾಡಿದ್ದೆ. ಈ ಸಾಹುಕಾರರು ಅದರ ಸದಸ್ಯರು! ಸಭೆಯ ನಡವಳಿಯ ಅಚ್ಚಾದ ಪುಸ್ತಕಗಳು, ಅಂಚಿನಲ್ಲಿ ಅವರದೇ ಪೆನ್ಸಿಲ್ ಗುರುತು. ಸದಸ್ಯರು ದಿವಾನರ ಮುಂದೆ ನಿಂತು ತಮ್ಮ ತಾಲ್ಲೂಕಿನ ಅಹವಾಲು ಹೇಳಬಹುದಿತ್ತು. ಹೇಳಬಹುದಿತ್ತು, ಅಷ್ಟೆ. ಉಳಿದ ವರ್ತಕರು ಸುಂಕ ಇಳಿಸಿ, ಸೇತುವೆ ಕಟ್ಟಿಸಿ, ಸಂತೆ ಮಾಳಕ್ಕೆ ಬೇಲಿ ಹಾಕಿಸಿ ಎಂದು ಕೇಳಿದರೆ ನಮ್ಮ ಹುಣಸೆಹಣ್ಣಿನ ಸಾಹುಕಾರರು ಕೇಳಿದ್ದು ಸೂಲಗಿತ್ತಿಯರನ್ನು. ಹೋಬಳಿಗೆ ಒಬ್ಬಳು ತರಬೇತಾದ ಸೂಲಗಿತ್ತಿ ಬೇಕು. ಮರುವರ್ಷ ಅದೇ. ಅದರ ಮರುವರ್ಷವೂ ಅದೇ. ಸರ್ಕಾರದ ಉತ್ತರವೂ ಅದೇ, ಪರಿಶೀಲಿಸಲಾಗುವುದು. ನಾನು ಅಂಗಡಿಯ ಒಳಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ನಮ್ಮ ಶಾಲೆಯ ನಲ್ಲಿಗೆ ಅರ್ಜಿ ಹಾಕಿದಾಗಲೂ ಅದೇ ಉತ್ತರ ಬಂದಿತ್ತು.

ನಾಲ್ಕನೆಯ ವರ್ಷ ಅವರು ಕೇಳುವುದನ್ನು ಬಿಟ್ಟು ತಮ್ಮ ಖರ್ಚಿನಲ್ಲಿ ಹೆರಿಗೆ ವಾರ್ಡು ಕಟ್ಟಿಸುತ್ತೇನೆ, ಸರ್ಕಾರ ಒಬ್ಬ ನರ್ಸಮ್ಮನನ್ನು ಕೊಟ್ಟರೆ ಸಾಕು ಎಂದರು. ಒಬ್ಬ ಸದಸ್ಯರು ಎದ್ದು ಇದು ಹೆಂಗಸರ ವಿಷಯ, ಸಭೆಯಲ್ಲಿ ಬೇಡ ಎಂದು ಆಕ್ಷೇಪ ಎತ್ತಿದ್ದೂ ಅಚ್ಚಾಗಿದೆ. ಸಾಹುಕಾರರು ಕೂರಲಿಲ್ಲ.

ಒಬ್ಬ ಗಂಡಸಿಗೆ, ಅದರಲ್ಲೂ ವ್ಯಾಪಾರಿಗೆ, ಆ ಕಾಲದಲ್ಲಿ ಇದೇನು ಹಟ? ನನ್ನ ಆತುರದ ಬುದ್ಧಿ ಕೂಡಲೇ ಒಂದು ಕತೆ ಕಟ್ಟಿತು. ಅವರ ಮಗಳೇ ಹೆರಿಗೆಯಲ್ಲಿ ಸತ್ತಿರಬೇಕು. ಎರಡು ಪುಟ ಬರೆದೂ ಬಿಟ್ಟೆ, ಬರೆಯುವಾಗ ನಾನೇ ಅತ್ತೆ. ಅಜ್ಜಿಗೆ ಕೊಟ್ಟ ಮಾತು ಮರೆತೇಹೋಗಿತ್ತು. ಮೊಮ್ಮಗನಿಗೆ ಓದಿ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಅತ್ತೆಯಂದಿರು ಮೂರು ಜನಾನೂ ಎಂಬತ್ತು ದಾಟಿ ಹೋದವರು ಟೀಚರಮ್ಮ. ಕೊನೆಯವರಿಗೆ ಒಂಬತ್ತು ಮಕ್ಕಳು!" ನಾನು ಆ ಎರಡು ಪುಟ ಹರಿದು ಬ್ಯಾಗಿಗೆ ತುರುಕಿಕೊಂಡೆ.

ಐದನೆಯ ವರ್ಷದ ಪುಸ್ತಕ ತೆರೆದ ಸಂಜೆ ಮರೆಯುವಂಥದ್ದಲ್ಲ. ಅದರಲ್ಲಿ ಸಾಹುಕಾರರು ಸೂಲಗಿತ್ತಿಯ ಮಾತೇ ಎತ್ತಿಲ್ಲ. ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಒಂದು ಹೊರೆಗಲ್ಲಿದೆ, ಮೋಟಾರು ಕಾರುಗಳಿಗೆ ಅಡ್ಡವೆಂದು ಇಂಜಿನಿಯರು ಅದನ್ನು ಕೀಳಿಸಲು ಹೊರಟಿದ್ದಾರೆ, ಕೀಳಿಸಬಾರದು ಎಂದಿದ್ದಾರೆ. ರಸ್ತೆಯನ್ನು ಬಳಸಿಕೊಂಡು ಹೋಗುವಂತೆ ಮಾಡಲು ಎಷ್ಟು ಜಾಗ ಬೇಕೋ ಅಷ್ಟನ್ನು ತಾವೇ ಕೊಳ್ಳುವುದಾಗಿಯೂ ಹೇಳಿದ್ದಾರೆ. ಹೊರೆಗಲ್ಲು ಎಂಬ ನಾಲ್ಕು ಅಕ್ಷರ ಕಂಡದ್ದೇ ಪುಸ್ತಕ ಹಿಡಿದುಕೊಂಡು ಎದ್ದು ನಿಂತೆ.

"ಇದೇನು ಕಲ್ಲು ಸಾರ್?" ಎಂದು ಕೂಗಿದೆ.

"ಓ, ಅದಾ!" ಅವರು ಗಲ್ಲಾ ಬಿಟ್ಟು ಒಳಗೆ ಬಂದರು. "ಅದೇ ದೊಡ್ಡ ಗಲಾಟೆ. ಇಂಜಿನಿಯರು ಬಿಳಿಯ. ಚಾಮರಾಜನಗರದ ಮೇಲೆ ಊಟಿಗೆ ಹೋಗೋ ದೊರೆಗಳ ಕಾರು ಆ ತಿರುವಿನಲ್ಲಿ ನಿಧಾನ ಮಾಡಬೇಕಾಗ್ತಿತ್ತಂತೆ. ಕಲ್ಲು ಮುಟ್ಟಿದ್ರೆ ಈ ವರ್ಷ ತೋರಣ ಇಲ್ಲ ಅಂದ್ರಂತೆ ತಾತ. ಸುಮ್ಮನೆ ಹೆದರಿಸ್ತಾರೆ ಅಂದ್ಕೊಂಡ ಇಂಜಿನಿಯರು. ದೊರೆ ಕಾರು ಬಂತು, ಗುಂಡ್ಲುಪೇಟೇಲಿ ಒಂದು ಮಾವಿನ ಎಲೆ ಕಟ್ಟಿರಲಿಲ್ಲ. ಛತ್ರದ ಬಾಗಿಲೂ ಹಾಕ್ಸಿದ್ರು. ಅರಮನೆಯಿಂದ ಬಿರುದು ಬರೋದಿತ್ತು ಟೀಚರಮ್ಮ, ಶಾಲೂ ನೇಯ್ಸಿ ಆಗಿತ್ತು ಅಂತಾರೆ. ಬರಲಿಲ್ಲ. ಆದ್ರೆ ಕಲ್ಲು ಉಳೀತು."

"ಅಷ್ಟಕ್ಕೂ ಅದು ಯಾರ ಕಲ್ಲು?"

"ಅದು ಮಾತ್ರ ಯಾರಿಗೂ ಹೇಳಲಿಲ್ಲ. ಆ ಜಾಗ ಬಂದ್ರೆ ಗಾಡಿ ಇಳಿದು, ಕಾಲಿನದು ಕೈಲಿ ಹಿಡ್ಕೊಂಡು ನಡೀತಿದ್ರಂತೆ. ಕಾರು ಕೊಂಡ ಮೇಲೂ ಹಂಗೇ. ಯಾವುದೋ ದೇವರು ಅಂತ ನಮ್ಮಪ್ಪ ಅನ್ನೋರು."

ಆಮೇಲೆ ನಾನು ಅವರಿಗೆ ಹೇಳಿ ಬಂದೆನೋ ಇಲ್ಲವೋ ನೆನಪಿಲ್ಲ. ಕಾಫಿ ಲೋಟ ಉರುಳಿಸಿದ್ದು ಮಾತ್ರ ನೆನಪಿದೆ.

ಭಾನುವಾರ ಬೆಳಿಗ್ಗೆ ಸ್ಕೂಟರು ಹತ್ತಿದೆ. ದಾರಿಯುದ್ದಕ್ಕೂ ಸೂರ್ಯಕಾಂತಿ ಹೊಲ, ಅರಿಶಿನದ ಹೊಲ. ತೆರಕಣಾಂಬಿ ದಾಟಿದ ಮೇಲೆ ಕಂಡ ಕಂಡವರನ್ನು ನಿಲ್ಲಿಸಿ ಕೇಳಿದೆ. ಮೂರು ಸಲ ಮುಂದೆ ಹೋಗಿ ಮೂರು ಸಲ ಹಿಂದೆ ಬಂದೆ. ಕೊನೆಗೆ ಗಂಟಲು ಒಣಗಿ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರೆ, ಅಂಗಡಿಯ ಪಕ್ಕದಲ್ಲೇ ಅದು ನಿಂತಿತ್ತು. ಎರಡು ಕಂಬ, ಮೇಲೊಂದು ಚಪ್ಪಡಿ. ದಪ್ಪಗೆ ಸುಣ್ಣ ಬಳಿದು, ಚಪ್ಪಡಿಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಒಂದು ಕೊನೆಯಲ್ಲಿ ಯಾರೋ ಲಾರಿಯವರ ಟವೆಲು ಒಣಗುತ್ತಿತ್ತು. ರಸ್ತೆ ಅಲ್ಲಿ ನಿಜವಾಗಿಯೂ ಹೊಟ್ಟೆ ಬಿಟ್ಟುಕೊಂಡು ಬಳಸಿ ಹೋಗಿತ್ತು.

ಅಂಗಡಿಯವಳು ಈ ಕಡೆಯವಳೇ. ಗಂಡನ ಊರೂ ಅಲ್ಲೇ ಪಕ್ಕ. "ಇದು ಹೊರೆಯವ್ವ ಕಣಕ್ಕ," ಅಂದಳು. "ಬಸುರೇರು ತವರಿಗೆ ಹೊಂಟಾಗ ಇಲ್ಲಿ ಬತ್ತರೆ. ಗಂಟು ಇದ್ರ ಮ್ಯಾಲಿಟ್ಟು ಕೈ ಮುಗ್ದು ತಕಂಡು ಓಯ್ತರೆ. ಹೆರಿಗೆ ಸಲೀಸಾಯ್ತದೆ."

"ಇದರ ಮೇಲೆ ಏನಾದ್ರೂ ಬರೆದಿದೆಯಾ?"

"ಅದೇನೂ ಇಲ್ಲ. ನಾನ್ ಮದ್ವೆಯಾಗಿ ಬಂದಾಗ್ಲಿಂದ ವರ್ಸಾ ವರ್ಸಾ ಉಗಾದಿಗೆ ಸುಣ್ಣ ನಾನೇ ಬಳಿಯೋದು. ನಮ್ಮತ್ತೆ ಬಳಿಯೋರು, ಅವ್ರತ್ತೆ ಬಳಿಯೋರು."

ವರ್ಷಕ್ಕೊಂದು ಪದರ! ಭಕ್ತಿಯಿಂದಲೇ ಮುಚ್ಚಿಬಿಟ್ಟಿದ್ದಾರೆ. ನಾನು ಉಗುರಿನಿಂದ ಕೆರೆಯತೊಡಗಿದೆ. ನನ್ನ ಅವಸ್ಥೆ ನೋಡಲಾರದೆ ಅವಳು ಮೊದಲು ಹೊರೆಯವ್ವನಿಗೆ ಕೈ ಮುಗಿದು ಗಲ್ಲ ಬಡಿದುಕೊಂಡಳು. ಆಮೇಲೆ, "ಉಗುರಲ್ಲಿ ಎಲ್ಲಿ ಓದಾತು? ಸುಣ್ಣಕ್ಕೆ ಹುಳಿ ಆಕ್ಬೇಕು" ಎಂದು ಒಂದು ಪಾತ್ರೆ ತುಂಬ ಹುಣಸೆಹಣ್ಣು ಕಿವುಚಿ ತಂದಳು, ಜೊತೆಗೆ ತೆಂಗಿನ ನಾರು. ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಜ್ಜಿದೆವು. ಸುಣ್ಣ ನೊರೆನೊರೆಯಾಗಿ ಇಳಿಯಿತು. ಎಡಗಡೆಯ ಕಂಬದ ಮೇಲುಭಾಗದಲ್ಲಿ ಒಂದು ಗೀರು ಕಂಡಿತು, ಅದು ಕೊಂಬಾಯಿತು, ಅದಕ್ಕೊಂದು ಹೊಟ್ಟೆ ಬಂತು. ಉ. ಡಿ. ಗಾ. ಲ.

 ಕೆಳಗಿನ ಸಾಲನ್ನು ಅವಳೇ ಉಜ್ಜಿದಳು. ಅಲ್ಲಿದ್ದದ್ದು ಒಂದು ಹೆಂಗಸಿನ ಹೆಸರು. ಮೊದಲು ನನಗೆ ಅರ್ಥವೇ ಆಗಲಿಲ್ಲ, ಯಾಕೆಂದರೆ ಅದು ನನ್ನ ಹೆಸರು. ಅಜ್ಜಿ ತನ್ನ ತಾಯಿಯ ಹೆಸರನ್ನು ನನಗೆ ಇಡಿಸಿದ್ದಳು. ಎಸ್ಸೆಸ್ಸೆಲ್ಸಿ ಫಾರಂ ತುಂಬುವಾಗ ಈ ಹಳೇ ಕಾಲದ ಹೆಸರು ಬೇಡ, ಬದಲಾಯಿಸಿ ಎಂದು ನಾನು ಎಷ್ಟು ರಂಪ ಮಾಡಿದ್ದೆ! ಅದೇ ಹೆಸರು ಕಲ್ಲಿನ ಮೇಲೆ ಒದ್ದೆಯಾಗಿ ಹೊಳೆಯುತ್ತಿತ್ತು. ನಾನು ಕಿರುಚಿದ ಕಿರುಚಿಗೆ ಟೀ ಕುಡಿಯುತ್ತಿದ್ದ ಲಾರಿ ಡ್ರೈವರು ಲೋಟ ಬಿಟ್ಟು ಓಡಿಬಂದ. ಹೆಸರಿನ ಕೆಳಗೆ, ಹೊರೆ ಇಳಿಸಿದ ಜಾಗ ಎಂದು ಮೂರು ಪದ. ಅದರ ಕೆಳಗೂ ಅಕ್ಷರಗಳಿದ್ದವು, ಆದರೆ ರಸ್ತೆ ಎತ್ತರವಾಗುತ್ತ ಬಂದು ಕಂಬದ ಬುಡವನ್ನು ಮಣ್ಣು ನುಂಗಿತ್ತು. ಅದನ್ನು ಅಗೆಯುವ ತಾಳ್ಮೆ ನನಗೆಲ್ಲಿ? ಅಜ್ಜಿಗೆ ಹೇಳಬೇಕು, ಈಗಲೇ ಹೇಳಬೇಕು. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಗಟ್ಟಿಯಾಗಿ ನನ್ನದೇ ಹೆಸರು ಕೂಗಿಕೊಂಡು ಬಂದೆ.

ಅಜ್ಜಿ ಒಂದು ಸಲ ಹೇಳಿದರೆ ನಂಬಲಿಲ್ಲ. "ಇನ್ನೊಂದ್ ಸಲ ಏಳು" ಅಂದಳು. ಹೇಳಿದೆ. "ಕಲ್ಲು ನಿಂತದಾ? ಬಿದ್ದಿಲ್ವಾ?" ನಿಂತಿದೆ ಅಂದೆ. "ಜನ ಹೊರೆ ಇಳಿಸ್ತರಾ?" ಬಸುರಿಯರು ಬಂದು ಗಂಟು ಇಟ್ಟು ಹೋಗುತ್ತಾರೆ ಅಂದೆ. ಅವಳು ಎದ್ದು ಹೋಗಿ ಪೆಟ್ಟಿಗೆ ತೆಗೆದು, ನಾಳೆ ಉಡುವ ಸೀರೆ ಹೊರಗಿಟ್ಟಳು. ಸಾಹುಕಾರರು ಆ ಕಲ್ಲಿಗಾಗಿ ಸಭೆಯಲ್ಲಿ ಜಗಳವಾಡಿದ್ದನ್ನು ನಾನು ಹೇಳಲಿಲ್ಲ. ಯಾರು ನಿಲ್ಲಿಸಿದ್ದು ಎನ್ನುವುದು ನನಗೂ ಖಾತ್ರಿ ಇರಲಿಲ್ಲ, ಇನ್ನೊಮ್ಮೆ ಕತೆ ಕಟ್ಟುವ ಧೈರ್ಯವೂ ಇರಲಿಲ್ಲ.

ಮರುದಿನ ರಜೆ ಚೀಟಿ ಕಳಿಸಿ, ಪಕ್ಕದ ಮನೆಯವರ ವ್ಯಾನು ಬಾಡಿಗೆಗೆ ಹಿಡಿದು ಅಜ್ಜಿಯನ್ನು ಕರೆದುಕೊಂಡು ಹೊರಟೆ. ಒಗೆದಿಟ್ಟ ಸೀರೆ ಉಟ್ಟಿದ್ದಳು. ಉಡಿಗಾಲದ ಕಡೆಯ ರಸ್ತೆ ಬಂದಾಗಲೂ ಕಿಟಕಿಯಾಚೆ ನೋಡಲಿಲ್ಲ. ಕಲ್ಲಿನ ಮುಂದೆ ವ್ಯಾನು ನಿಂತಾಗ ನನ್ನ ಹೆಗಲು ಹಿಡಿದು ಇಳಿದು, ನೇರ ಹೋಗಿ ಕಂಬದ ಮೇಲೆ ಕೈಯಿಟ್ಟಳು. ಅವಳಿಗೆ ಓದು ಬರುವುದಿಲ್ಲ.

"ನಮ್ಮವ್ವ ಯಾವ್ದು?"

ನಾನು ಅವಳ ಬೆರಳು ಹಿಡಿದು ಹೆಸರಿನ ಮೊದಲ ಅಕ್ಷರದ ಮೇಲಿಟ್ಟೆ. ಅವಳು ಒಂದೊಂದೇ ಅಕ್ಷರ ಸವರುತ್ತ ಕೊನೆಗೆ ಬಂದು, ಮತ್ತೆ ಮೊದಲಿಗೆ ಹೋದಳು.

"ಯಾರ್ ನೆಟ್ಟೋರು ಇದ? ನಮ್ಮಪ್ಪನ ಕೈಲಂತೂ ಆಯ್ತಿರ್ನಿಲ್ಲ."

ಅಂಗಡಿಯವಳ ಗಂಡ ಹಾರೆ ತಂದು ಕಂಬದ ಬುಡದ ಮಣ್ಣು ಬಿಡಿಸಿದ. ಒಂದು ಮೊಳ ಅಗೆದ ಮೇಲೆ ಎರಡು ಸಾಲು ಕಂಡವು. ಅಲ್ಲಿಗೆ ಸುಣ್ಣ ಮುಟ್ಟಿರಲಿಲ್ಲ, ಅಕ್ಷರಗಳು ನಿನ್ನೆ ಕೊರೆದಷ್ಟು ಹೊಸದಾಗಿದ್ದವು. ನಾನು ಮಂಡಿಯೂರಿ ಕೂತು ಓದಿದೆ. ಇವಳ ತಲೆಗೆ ಹೊರೆ ಹೊರಿಸಿದವನು ನಿಲ್ಲಿಸಿದ ಕಲ್ಲು.

"ಇನ್ನೊಂದ್ ಸಲ ಓದು."

ಓದಿದೆ. ಮೂರನೆಯ ಸಲವೂ ಓದಿಸಿದಳು.

"ಹೆಸ್ರು? ಅವ್ನ ಹೆಸ್ರು?"

"ಇಲ್ಲ ಅಜ್ಜಿ. ಬರೆಸಿಕೊಂಡಿಲ್ಲ." ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಮೈಸೂರಿನ ಸಭೆ, ಸೂಲಗಿತ್ತಿ, ಬಿಳಿಯ ಇಂಜಿನಿಯರು, ಕಟ್ಟದ ತೋರಣ, ಬಾರದ ಬಿರುದು, ಕಾಲಿನದು ಕೈಲಿ ಹಿಡಿದು ನಡೆಯುತ್ತಿದ್ದದ್ದು. ಹೇಳುತ್ತ ಹೇಳುತ್ತ ನನ್ನ ಗಂಟಲು ಏರಿತು, ಸಾಹುಕಾರರ ಪರವಾಗಿ ವಾದ ಮಾಡುವವಳ ಹಾಗೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

"ಒಪ್ಕಂಡವ್ನೆ," ಅಂದಳು. "ಒಪ್ಕಂಡೋನು ಕಲ್ಲಿನ ಕೂಟೆ ಏಳಿ ಏನ್ ಬಂತು? ನಮ್ಮ ಮನೆ ಬಾಗ್ಲಿಗೆ ಬಂದು ಒಂದ್ ಮಾತು ಯಾಕ್ ಏಳ್ನಿಲ್ಲ? ಎಂಬತ್ತು ವರ್ಸ ಕಣಮ್ಮಿ." ಆಮೇಲೆ ತನಗೆ ತಾನೇ ಎಂಬಂತೆ, "ಏಳಾಕೇ ಕಳ್ಸಿದ್ನೋ ಏನೋ ಆ ಆಳ್ನ. ನಮ್ಮಪ್ಪ ಬಾಯ್ ಬುಡಾಕೆ ಬುಡ್ನಿಲ್ಲ" ಅಂದಳು.

ಅವಳ ಕೈ ಇನ್ನೂ ಕಂಬದ ಮೇಲೇ ಇತ್ತು. ನಾನು ಹೆದರಿ ಹೆದರಿ ಕೇಳಿದೆ, "ನಾನು ಏನು ಬರೀಲಿ ಅಜ್ಜಿ?"

"ನಮ್ಮವ್ವನ್ನ ಕೊಂದೋನು ಅಂತ್ಲೂ ಬರಿ. ಕಲ್ಲು ನೆಟ್ಟೋನು ಅಂತ್ಲೂ ಬರಿ. ಒಂದ್ನ ಬುಟ್ಟು ಒಂದ್ ಬರುದ್ರೆ ನಿನ್ನ ಮಾತಾಡ್ಸಾಕಿಲ್ಲ."

ಹಾಗೆಯೇ ಬರೆದೆ. ಎಚ್.ಎಂ. ಮೊದಲನೆಯದನ್ನು ತೆಗೆಯಿರಿ ಅಂದರು. ಸಾಹುಕಾರರ ಮೊಮ್ಮಗನೇ ಶಾಲೆಗೆ ಬಂದು, ತಾತನೇ ಕಲ್ಲಿನ ಮೇಲೆ ಬರೆಸಿದ್ದನ್ನು ತೆಗೆಯೋದಕ್ಕೆ ನಾವ್ಯಾರು ಎಂದ ಮೇಲೆ ಎರಡೂ ಅಚ್ಚಾದವು. ಇದು ಆಮೇಲಿನ ಮಾತು. ಅವತ್ತು ಕಲ್ಲಿನ ಹತ್ತಿರ ಅಜ್ಜಿ ಅಂಗಡಿಯವಳು ಕೊಟ್ಟ ಟೀ ಕುಡಿದಳು. ಆಗ ಬಿಸಿಲು ಏರಿತ್ತು, ವ್ಯಾನಿನವನು ಹಾರನ್ನು ಬಾರಿಸಿದ. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು ಕಲ್ಲಿನ ಕಡೆ ತಿರುಗಿದಳು. ಆರು ವರ್ಷದ ಹುಡುಗಿಯ ದನಿಯಲ್ಲಿ ಮಾತಾಡಿದಳು.

"ಅವ್ವಾ, ಹೊರೆ ಇಳ್ಸಾಗದೆ ಕಣವ್ವ. ಬಾ, ಮನೆಗೆ ಓಗನ."

ನಾನು ವ್ಯಾನಿನ ಬಾಗಿಲು ತೆರೆದು ಹಿಡಿದೆ. ಅಜ್ಜಿ ಹತ್ತಿ, ಸೀಟಿನ ಆ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತಳು. ನಾನು ಹೋಗಿ ಮುಂದೆ ಡ್ರೈವರನ ಪಕ್ಕದಲ್ಲಿ ಕೂತೆ.